ನಂಜಣ್ಣನಿಗೆ ಮೂರು ಪಂದ್ಯದ ಶಿಕ್ಷೆ

ಹೋದ ತಿಂಗಳು ಅರಕಲಗೂಡಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು, ಮಂಡಿನೋವಿಗೆ ಸ್ವಲ್ಪ ಓಡಾಡಿದರೆ ಒಳ್ಳೇದು ಅಂತ ರಸ್ತೆಗೆ ಬಂದೆ. ಅಲ್ಲೇ ಮೈದಾನದಲ್ಲಿ ಯಾರೋ ನೆಲಕ್ಕೆ ನೀರು ಚಿಮುಕಿಸಿ, ಕಬಡ್ಡಿ ಅಂಕಣಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೀತಾ ಇದ್ದರು. ಒದ್ದೆ ಮಣ್ಣಿನ ಮೇಲೆ ಸುಣ್ಣ ಬಿದ್ದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ದಾರಿಗೇ ತಿರುಗಿಬಿಟ್ಟೆ. ವಾಪಸ್ ಬಂದು ಎಲೆ ಮುಂದೆ ಕೂತವಳು ಹೋಳಿಗೆ ಮುಟ್ಟದೆ ಪಕ್ಕಕ್ಕೆ ಸರಿಸಿದೆ. ಪಕ್ಕದಲ್ಲಿದ್ದ ನಾದಿನಿ ಯಾಕೆ ಅತ್ತಿಗೆ ಅಂತ ಕೇಳಿದಳು. ಶುಗರ್ ಅಂತ ಹೇಳಿ ತಪ್ಪಿಸಿಕೊಂಡೆ.

ಶುಗರ್ ಅಲ್ಲ, ಪುಟ್ಟಲಕ್ಷ್ಮಿ ಅನ್ನೋ ಹುಡುಗಿಯ ನೆನಪು. ಇಷ್ಟು ವರ್ಷ ಯಾರ ಹತ್ತಿರವೂ ಹೇಳದೆ ಇದ್ದದ್ದನ್ನು ಈಗ ಬರೆದುಬಿಡುತ್ತೇನೆ. ನನಗೆ ಅರವತ್ತೆಂಟಾಯಿತು, ಇನ್ನು ಯಾರಿಗೆ ಹೆದರಬೇಕು?

ಎರಡು ಸಾವಿರದ ಇಸವಿಗೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಹೊಳೆನರಸೀಪುರದಲ್ಲಿ ಖಾಸಗಿ ಆಡಳಿತದ ಒಂದು ಹೈಸ್ಕೂಲಿನಲ್ಲಿ ಕನ್ನಡದ ಟೀಚರು. ಮನೆ ದೇವಸ್ಥಾನದ ಬೀದಿಯಲ್ಲಿ. ಯಜಮಾನರು ಬ್ಯಾಂಕಿನವರು, ಬಳ್ಳಾರಿ ಕಡೆ ವರ್ಗವಾಗಿತ್ತು, ತಿಂಗಳಿಗೊಮ್ಮೆ ಬರೋರು. ಮನೆಯಲ್ಲಿ ನಾನು, ನಮ್ಮತ್ತೆ, ಇಬ್ಬರೇ. ಆ ವರ್ಷ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಊರಿನವರು ಸೇರಿ ಹೆಣ್ಣುಮಕ್ಕಳ ಕಬಡ್ಡಿ ಲೀಗ್ ಅಂತ ಶುರುಮಾಡಿದರು. ಊರಿಗೊಂದು ತಂಡ, ತಂಡಕ್ಕೊಬ್ಬ ಮಾಲೀಕ. ಹಾಸನದ್ದಕ್ಕೆ ಬಸ್ಸಿನ ಸಾಹುಕಾರರು, ನಮ್ಮೂರಿಗೆ ಚಿನ್ನದ ಅಂಗಡಿಯವರು, ಅರಕಲಗೂಡಿಗೆ ಒಬ್ಬ ಡಾಕ್ಟರು, ಚನ್ನರಾಯಪಟ್ಟಣಕ್ಕೆ ಕೊಬ್ಬರಿ ಮಂಡಿ ನಂಜಣ್ಣ. ಈ ನಾಲ್ವರು, ಅವರ ಮೇಲೆ ಅಧ್ಯಕ್ಷರಾಗಿ ಹಾಸನದ ಹಿರಿಯ ವಕೀಲರು, ಇದೇ ಲೀಗಿನ ಕಮಿಟಿ. ಹೆಣ್ಣುಮಕ್ಕಳ ಆಟ ಅಂದ ಮೇಲೆ ಕಮಿಟಿಯಲ್ಲಿ ಒಬ್ಬ ಹೆಂಗಸಿರಲಿ ಅಂತ ಯಾರಿಗೋ ಹೊಳೆಯಿತು. ವಕೀಲರು ನಮ್ಮ ಸ್ಕೂಲಿನ ಆಡಳಿತ ಮಂಡಳಿಯಲ್ಲೂ ಇದ್ದರು. ನನ್ನ ಅಕ್ಷರ ದುಂಡಗಿದೆ ಅಂತ ಅವರಿಗೆ ಗೊತ್ತಿತ್ತು. ನೀವೇ ಬನ್ನಿ ಮೇಡಂ, ಮಿನಿಟ್ಸ್ ಪುಸ್ತಕವೂ ನೀವೇ ಬರೀರಿ ಅಂದರು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟೊಂದು ಹಿಗ್ಗಿದವಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಪಂದ್ಯ ಭಾನುವಾರ ಭಾನುವಾರ. ಡಿಸೆಂಬರಿನ ಚಳಿ, ಬೆಳಿಗ್ಗೆ ಒಂಬತ್ತಾದರೂ ಮಂಜು ಬಿಡುತ್ತಿರಲಿಲ್ಲ. ಎಲ್ಲ ಊರಿನ ಬಸ್‌ಸ್ಟ್ಯಾಂಡಿನಲ್ಲೂ ಸೊಗಡವರೆ ಕಾಯಿಯ ರಾಶಿ, ಆ ಘಮ ಸೀರೆಗೂ ಹತ್ತಿಕೊಳ್ಳೋದು. ಹೆಣ್ಣುಮಕ್ಕಳು ಚಡ್ಡಿ ಹಾಕಿ ಕಬಡ್ಡಿ ಆಡ್ತಾರಂತೆ ಅಂತ ನೋಡೋಕೆ ಬಂದ ಗಂಡಸರೇ ಮೊದಲ ವಾರ ಜಾಸ್ತಿ. ಎರಡನೇ ವಾರ ಅವರೇ ಬಾಯಿ ಮುಚ್ಚಿಕೊಂಡು ಆಟ ನೋಡಿದರು. ಅದಕ್ಕೆ ಕಾರಣ ಪುಟ್ಟಲಕ್ಷ್ಮಿ.

ಮಲ್ಲಿಪಟ್ಟಣದ ಹತ್ತಿರದ ಒಂದು ಹಳ್ಳಿಯ ಹೊಲಗೇರಿಯ ಹುಡುಗಿ. ಹದಿನೆಂಟು ತುಂಬಿ ಹತ್ತೊಂಬತ್ತು ನಡೀತಿತ್ತು. ಕುಳ್ಳಿ, ಸಣ್ಣ ದನಿ, ಮಾತು ಕಡಿಮೆ. ಗೆರೆ ದಾಟಿ ಎದುರು ಅಂಕಣಕ್ಕೆ ಹೋದಳು ಅಂದರೆ ಮಾತ್ರ ಅವಳೇ ಬೇರೆ. ಏಳು ಜನ ಸುತ್ತುವರಿದಿರೋರು, ಇವಳು ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅಂತಾ ಇಬ್ಬರನ್ನು ಮುಟ್ಟಿ, ಅವರ ಕೈಕೆಳಗೇ ನುಸುಳಿ ವಾಪಸ್ ಬಂದುಬಿಡೋಳು. ನಂಜಣ್ಣ ಜಿಲ್ಲೆಯೆಲ್ಲ ಹುಡುಕಿ ಒಳ್ಳೊಳ್ಳೆ ಹುಡುಗಿಯರನ್ನು ಆರಿಸಿಕೊಂಡಿದ್ದ, ಹಾಗಾಗಿ ಅರಕಲಗೂಡು ತಾಲ್ಲೂಕಿನವಳಾದರೂ ಚನ್ನರಾಯಪಟ್ಟಣಕ್ಕೆ ಆಡುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಎರಡನೇ ಸುತ್ತು. ಅದಕ್ಕೆ ರಾಜ್ಯದ ಜೂನಿಯರ್ ತಂಡಕ್ಕೆ ಆರಿಸೋರು ಬರುತ್ತಾರೆ ಅಂತ ಸುದ್ದಿಯಿತ್ತು. ಪುಟ್ಟಲಕ್ಷ್ಮಿಗೆ ಆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೇ ವರ್ಷ. ರಾಜ್ಯಕ್ಕೆ ಆಡಿದರೆ ಪೊಲೀಸಿನಲ್ಲಿ ಕೆಲಸ ಸಿಗುತ್ತದಂತೆ ಮಿಸ್ ಅಂತ ಒಂದು ಸಲ ನನ್ನ ಕೇಳಿದ್ದಳು. ಸಿಗುತ್ತೆ ಕಣೆ, ಆಡು ಅಂದಿದ್ದೆ.

ನಂಜಣ್ಣ ಕೆಟ್ಟವನ ಹಾಗೆ ಕಾಣುತ್ತಿರಲಿಲ್ಲ, ಅದೇ ಕಷ್ಟ. ಬಿಳೀ ಪಂಚೆ, ದೊಡ್ಡ ನಗು. ಹುಡುಗಿಯರಿಗೆಲ್ಲ ಶೂ ಕೊಡಿಸಿದ್ದ, ದಿನಾ ಮೊಟ್ಟೆ ಕೊಡಿಸುತ್ತಿದ್ದ. ನನ್ನನ್ನು ಮೇಡಂ ಮೇಡಂ ಅಂತ ಎದ್ದುನಿಂತು ಮಾತಾಡಿಸೋನು. ನನಗೆ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅರಕಲಗೂಡಿನ ಪಂದ್ಯದಲ್ಲಿ ಅವನ ತಂಡ ಸೋತಿತು. ಕೊನೆಯ ರೈಡಿನಲ್ಲಿ ಪುಟ್ಟಲಕ್ಷ್ಮಿಯನ್ನು ಮೂವರು ಸೇರಿ ಹಿಡಿದುಹಾಕಿದ್ದರು. ಮೊಣಕೈ ಚರ್ಮ ಕಿತ್ತು ರಕ್ತ, ಮೈತುಂಬ ಮಣ್ಣು. ಶಾಮಿಯಾನದ ಕೆಳಗೆ ಹುಡುಗಿಯರೆಲ್ಲ ಮಜ್ಜಿಗೆ ಕುಡೀತಾ ನಿಂತಿದ್ದರು. ನಾನು ಅಲ್ಲೇ ನಾಲ್ಕು ಮಾರು ದೂರದಲ್ಲಿ ಡಬ್ಬಿ ತೆಗೆದು ಗಾಯದ ಮುಲಾಮು ಹುಡುಕುತ್ತಿದ್ದೆ. ನಂಜಣ್ಣ ನೇರ ಬಂದು ಅವಳ ಮುಂದೆ ನಿಂತ. ಅವನ ಮಾತನ್ನು ಆಗ ಬರೆಯದವಳು ಈಗ ಬರೆಯುತ್ತಿದ್ದೇನೆ.

“ಕೇರಿಯಿಂದ ಎತ್ಕಂಬಂದು ಚಡ್ಡಿ ಆಕ್ಸಿ ನಿಲ್ಸಿದ್ರೆ ಆಟ ಬಂದ್ಬುಡ್ತದಾ? ನಿನ್ನ ಆಟ ನೋಡಕ್ಕೆ ಯಾವನು ಬತ್ತಾನೆ, ತೊಡೆ ನೋಡಕ್ಕೆ ಬತ್ತಾರೆ. ಅದ್ನಾರ ನೆಟ್ಟಗೆ ತೋರ್ಸು.”

ಕೂಗಿ ಹೇಳಲಿಲ್ಲ, ಕೊಬ್ಬರಿ ರೇಟು ಹೇಳೋ ದನಿಯಲ್ಲೇ ಹೇಳಿದ. ಅವನ ಜೊತೆಗಿದ್ದ ಇಬ್ಬರು ನಕ್ಕರು. ಹುಡುಗಿಯರು ಲೋಟದೊಳಗೆ ಮುಖ ಹಾಕಿಕೊಂಡರು. ಪುಟ್ಟಲಕ್ಷ್ಮಿ ಅತ್ತಿತ್ತ ನೋಡಿದಳು, ನನ್ನನ್ನೂ ನೋಡಿದಳು. ನಾನು ತಲೆ ಬಗ್ಗಿಸಿ ಡಬ್ಬಿಯೊಳಗೆ ಮುಲಾಮು ಹುಡುಕಿದೆ. ಅದು ಕೈಗೆ ಸಿಕ್ಕಾಗಿತ್ತು, ಆದರೂ ಹುಡುಕಿದೆ.

ಎರಡು ದಿನಕ್ಕೆ ಕಮಿಟಿಗೆ ಅವಳ ಅರ್ಜಿ ಬಂತು. ನೋಟ್‌ಪುಸ್ತಕದ ಹಾಳೆ, ಒತ್ತಿ ಬರೆದ ಅಕ್ಷರ. ಮಾಲೀಕರು ನನ್ನ ಜಾತಿ ಹಿಡಿದು, ಮೈ ಹಿಡಿದು ಮಾತಾಡಿದ್ದಾರೆ, ವಿಚಾರಿಸಬೇಕು, ಇನ್ನು ನಾನು ಅವರ ತಂಡಕ್ಕೆ ಆಡಲಾರೆ ಅಂತ. ಅರಕಲಗೂಡಿನ ಡಾಕ್ಟರು ನಮ್ಮ ತಂಡಕ್ಕೆ ಬಾ ಅಂದರು. ಆದರೆ ಲೀಗಿನ ನಿಯಮ ಹೀಗಿತ್ತು: ಒಂದು ತಂಡ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ಮೊದಲಿನ ಮಾಲೀಕ ಬಿಡುಗಡೆ ಪತ್ರ ಕೊಡಬೇಕು. ಮಾಲೀಕನ ತಪ್ಪು ಸಾಬೀತಾಯಿತು ಅಂತ ಕಮಿಟಿ ಬರೆದರೆ ಮಾತ್ರ ಪತ್ರ ಬೇಕಿಲ್ಲ. ನಂಜಣ್ಣ ಪತ್ರ ಕೊಡಲ್ಲ ಅಂದ. ಅಲ್ಲಿಗೆ ಆ ಹುಡುಗಿಯ ಕೊನೇ ವರ್ಷ ನಮ್ಮ ಕಮಿಟಿಯ ಒಂದು ಸಾಲಿನ ಮೇಲೆ ನಿಂತಿತು, ಆ ಸಾಲು ಬರೆಯೋಳು ನಾನು.

ವಿಚಾರಣೆ ಹಾಸನದಲ್ಲಿ, ಒಂದು ಹೋಟೆಲಿನ ಮಹಡಿ ಮೇಲಿನ ಹಾಲಿನಲ್ಲಿ. ಅದಕ್ಕೆ ಮುಂಚೆಯೇ ಕಮಿಟಿಯಿಂದ ತಂಡದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿದ್ದಾಯಿತು. ಯಾರಿಗೂ ಕೇಳಿಸಿರಲಿಲ್ಲ. ಅವರ ಅಪ್ಪಂದಿರು ಕೊಬ್ಬರಿ ಹಾಕೋದು ನಂಜಣ್ಣನ ಮಂಡಿಗೇ, ಕೇಳಿಸೋದು ಹೇಗೆ? ನಾನೇ ಧೈರ್ಯ ಮಾಡಿ, ಸಾರ್, ನಾನೂ ಅಲ್ಲೇ ಇದ್ದೆ ಅಂತ ಮೆಟ್ಟಿಲು ಹತ್ತುವಾಗ ವಕೀಲರಿಗೆ ಅಂದೆ. ಅವರು ನಿಂತರು. ಮೇಡಂ, ಮಿನಿಟ್ಸ್ ಬರೆಯೋರು ಸಾಕ್ಷಿ ಹೇಳೋ ಹಾಗಿಲ್ಲ, ಕೋರ್ಟಿನಲ್ಲಿ ಬೆಂಚ್ ಕ್ಲರ್ಕು ಸಾಕ್ಷಿ ಹೇಳ್ತಾನಾ ಅಂತ ನಗುತ್ತಾ ಕೇಳಿದರು. ನಿಯಮವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ನನಗೆ ಸಮಾಧಾನವೇ ಆಯಿತು ಅನ್ನೋದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಟೇಬಲ್ಲಿನ ಸುತ್ತ ಎಲ್ಲರಿಗೂ ವಡೆ, ಕಾಫಿ. ಪುಟ್ಟಲಕ್ಷ್ಮಿ ನಿಂತಿದ್ದಳು. ಅವಳ ಅಪ್ಪ ಬಾಗಿಲ ಹೊರಗೆ ಕೂತಿದ್ದ. ನಂಜಣ್ಣ ಕಮಿಟಿಯವನೇ ಆದ್ದರಿಂದ ಅವನಿಗೂ ಟೇಬಲ್ಲಿನಲ್ಲೇ ಕುರ್ಚಿ. ಡಾಕ್ಟರಿಗೆ ಮಾತ್ರ, ಹುಡುಗಿ ನಿಮ್ಮ ತಂಡಕ್ಕೆ ಬರೋಳು, ನೀವು ಸುಮ್ಮನಿರಬೇಕು ಅಂತ ಅಧ್ಯಕ್ಷರು ಮೊದಲೇ ಹೇಳಿಬಿಟ್ಟರು. ಆಮೇಲೆ ಅವಳ ಕಡೆ ತಿರುಗಿ, ಹೆಂಗಸರಿದ್ದಾರೆ, ಆ ಮಾತೆಲ್ಲ ಬಾಯಲ್ಲಿ ಹೇಳಬೇಕಾಗಿಲ್ಲಮ್ಮ, ಅವಾಚ್ಯವಾಗಿ ಮಾತಾಡಿದ್ರು ಅಂತ ಹೇಳು ಸಾಕು ಅಂದರು. ಹೆಂಗಸರು ಅಂದರೆ ನಾನು.

“ಇಲ್ಲ ಸಾ, ಏಳ್ತೀನಿ. ಅನ್ನುಸ್ಕೊಂಡೋಳು ನಾನು, ಕೇಳಕ್ಕೆ ನಿಮ್ಗೇನು ನಾಚ್ಕೆ?” ಅಂದಳು.

ಹೇಳಿದಳು. ಒಂದಕ್ಷರ ಬಿಡದೆ, ಅವನ ದನಿಯಲ್ಲೇ. ಮುಗಿಸಿದ ಮೇಲೆ ಬಸ್ಸಿನ ಸಾಹುಕಾರರು ಕಿಟಕಿಯ ಕಡೆ ನೋಡಿದರು. ನಂಜಣ್ಣನೇ ಮೊದಲು ನಕ್ಕ. ಮಗಳಂಗೆ ಸಾ ಅವ್ಳು, ಸೋತ ಬೇಜಾರಲ್ಲಿ ಏನೋ ಬಾಯಿ ತಪ್ಪಿ ಅಂದಿರಬೋದು, ಅದ್ನೇ ಇಡ್ಕೊಂಡವಳೆ, ಬುಡಿ ಅಂದ. ಅಂದಿರಬಹುದು ಅಂದನಲ್ಲ, ಅದನ್ನಾದರೂ ನಾನು ಬರೆದುಕೊಳ್ಳಬಹುದಿತ್ತು.

ಅವಳನ್ನು ಹೊರಗೆ ಕಳಿಸಿ ಚರ್ಚೆಯಾಯಿತು. ಚರ್ಚೆ ಏನು ಬಂತು, ಇರೋದೇ ನಾಲ್ಕು ತಂಡ, ನಂಜಣ್ಣನನ್ನು ತೆಗೆದರೆ ಮೂರು, ಮೂರು ತಂಡಕ್ಕೆ ಲೀಗ್ ಅನ್ನುತ್ತಾರಾ ಅನ್ನೋದೇ ಮಾತು. ಮುಂದಿನ ವರ್ಷ ಯಾವ ಮಾಲೀಕ ತಾನೆ ಬರ್ತಾನೆ, ನಾಳೆ ನನ್ನ ಮೇಲೂ ಯಾವಳೋ ಒಬ್ಬಳು ಅರ್ಜಿ ಕೊಟ್ಟರೆ ಅಂತ ಚಿನ್ನದ ಅಂಗಡಿಯವರು ಕೇಳಿದರು. ತೀರ್ಪು ಹೇಳಬೇಕಾದವರೆಲ್ಲ ಅವನ ಹಾಗೇ ಮಾಲೀಕರು, ಒಬ್ಬನ ಕಾಲು ತುಳಿದರೆ ನಾಲ್ವರಿಗೂ ನೋವು. ಕೊನೆಗೆ ವಕೀಲರು ಒಂದು ದಾರಿ ಕಂಡುಹಿಡಿದರು. ನಂಜಣ್ಣ ವಿಷಾದ ಸೂಚಿಸೋದು, ಮೂರು ಪಂದ್ಯ ಅವನು ಅಂಕಣದ ಪಕ್ಕದ ಮಾಲೀಕರ ಕುರ್ಚಿಯಲ್ಲಿ ಕೂರಬಾರದು. ಸಾಬೀತು ಅನ್ನೋ ಪದ ಬೇಡ. ಮೇಡಂ, ನೀವು ಕನ್ನಡದೋರು, ಯಾರಿಗೂ ನೋವಾಗದ ಹಾಗೆ ಬರೀರಿ ಅಂದರು.

ಬರೆದೆ. ‘ಆಟಗಾರ್ತಿಯೊಬ್ಬರ ಬಗ್ಗೆ ಮಾಲೀಕರು ಆಡಿದರೆನ್ನಲಾದ ಅನುಚಿತ ಮಾತಿನ ಬಗ್ಗೆ ಪರಸ್ಪರ ಚರ್ಚಿಸಲಾಗಿ, ಮಾಲೀಕರು ವಿಷಾದ ವ್ಯಕ್ತಪಡಿಸಿದ್ದರಿಂದ ವಿಷಯವನ್ನು ಸೌಹಾರ್ದಯುತವಾಗಿ ಮುಕ್ತಾಯಗೊಳಿಸಲಾಯಿತು.’ ಒಂದೇ ಉಸಿರಿಗೆ, ಒಂದೂ ಕಾಟು ಹೊಡೆಯದೆ. ಬರೀ ಹೆದರಿಕೆಯಿಂದ ಬರೆದೆ ಅಂದರೆ ಅರ್ಧ ಸುಳ್ಳು. ನಮ್ಮ ಮನೆಯಲ್ಲಿ ಕೆಟ್ಟ ಮಾತು ಬಾಯಲ್ಲಿ ಬಂದರೆ ಬಾಯಿ ಮುಕ್ಕಳಿಸಿಕೊಂಡು ಬಾ ಅನ್ನೋರು. ಅಂಥದ್ದನ್ನು ಪುಸ್ತಕದಲ್ಲಿ ಬರೆಯೋದೇ? ಹೆಣ್ಣುಹುಡುಗಿ, ಅವಳ ಹೆಸರಿನ ಪಕ್ಕ ಆ ಮಾತು ಶಾಶ್ವತವಾಗಿ ಕೂತುಬಿಟ್ಟರೆ ನಾಳೆ ಮದುವೆಗಿದುವೆಗೆ ತೊಂದರೆ ಅಂತಲೂ ಯೋಚಿಸಿದೆ. ಹೆಸರನ್ನೂ ಅದಕ್ಕೇ ಬಿಟ್ಟೆ. ಉಪಕಾರ ಮಾಡಿದೆ ಅಂದುಕೊಂಡೇ ಸಹಿ ತಗೊಂಡೆ. ಡಾಕ್ಟರೂ ಸಹಿ ಹಾಕಿದರು.

ಆ ಮೂರು ಪಂದ್ಯ ನಂಜಣ್ಣ ಮನೆಯಿಂದ ತನ್ನದೇ ಒಂದು ಬೆತ್ತದ ಕುರ್ಚಿ ತರಿಸಿದ. ಮಾಲೀಕರ ಸಾಲಿನಿಂದ ಎರಡು ಮೊಳ ಈಚೆಗೆ ಹಾಕಿಸಿಕೊಂಡು ಕೂತು, ಮೊದಲಿಗಿಂತ ಜೋರಾಗಿ ಕೂಗುತ್ತಿದ್ದ. ಕಂಡವರೆಲ್ಲ ಏನು ನಂಜಣ್ಣ ಶಿಕ್ಷೆನಾ ಅಂತ ತಮಾಷೆ ಮಾಡಿ ಕೈಕುಲುಕಿ ಹೋಗೋರು. ಪುಟ್ಟಲಕ್ಷ್ಮಿ ಆಡಲಿಲ್ಲ. ಬಿಡುಗಡೆ ಪತ್ರವಿಲ್ಲದೆ ಅರಕಲಗೂಡು ತಂಡ ಅವಳನ್ನು ಇಳಿಸುವ ಹಾಗಿರಲಿಲ್ಲ, ನಂಜಣ್ಣನಿಗೆ ಆಡೋಕೆ ಅವಳು ಒಪ್ಪಲಿಲ್ಲ.

ಅವಳಿಗೆ ಇನ್ನೊಂದು ದಾರಿ ಇತ್ತು. ಬೆಂಗಳೂರಿನ ಮೇಲಿನ ಸಂಸ್ಥೆಗೆ ಹದಿನೈದು ದಿನದೊಳಗೆ ಅಪೀಲು ಹಾಕಬಹುದು, ಅದಕ್ಕೆ ನಮ್ಮ ಮಿನಿಟ್ಸಿನ ನಕಲು ಇರಬೇಕು. ಆ ಗಡುವಿಗೆ ಇನ್ನು ಎರಡೇ ದಿನ ಇದ್ದಾಗ, ಒಂದು ಶನಿವಾರ ಮಧ್ಯಾಹ್ನ, ನಮ್ಮ ಮನೆಗೇ ಬಂದಳು. ಜಗಲಿಯ ಮೇಲೆ ಕೂತಳು, ನಾನೂ ಅಲ್ಲೇ ಕಾಫಿ ತಂದುಕೊಟ್ಟೆ. ಒಳಗೆ ಬಾ ಅಂತ ಕರೆಯಲಿಲ್ಲ. ಅದು ಆಗ ನನಗೆ ಹೊಳೆಯಲೂ ಇಲ್ಲ, ಹೊಳೆದದ್ದು ವರ್ಷಗಳ ಮೇಲೆ. ನಕಲು ಬರೆದು ಸಹಿ ಮಾಡಿ ಕೊಟ್ಟೆ. ಬೆರಳಿಟ್ಟುಕೊಂಡು ಓದಿದಳು. ಇನ್ನೊಂದು ಸಲ ಓದಿದಳು.

“ಮಿಸ್, ಇದ್ರಲ್ಲಿ ನಂಗೆ ಏನೂ ಆಗೇ ಇಲ್ವಲ್ಲ” ಅಂದಳು.

ಅವಳು ಬೈಯಲಿಲ್ಲ, ಅಳಲಿಲ್ಲ. ನೀವೂ ಕೇಳುಸ್ಕೊಂಡ್ರಲ್ಲ ಮಿಸ್ ಅಂತ ಕೇಳಿದಳು. ಕೇಳಿಸಿತ್ತು ಅಂದೆ. ಹಂಗಾರೆ ಅದೊಂದನ್ನ ಇದ್ರ ಕೆಳಗೆ ಬರ್ದು ಸೈನ್ ಮಾಡಿ, ಅಪೀಲಿನ ಜೊತೆ ಇಡ್ತೀನಿ, ಸೋಮವಾರ ಬೆಂಗಳೂರಿಗೆ ತಲುಪಬೇಕು ಅಂದಳು. ಅವಳ ಚಿಕ್ಕಪ್ಪ ಭಾನುವಾರ ಸಂಜೆ ಬೆಂಗಳೂರಿಗೆ ಹೊರಡೋನಿದ್ದ, ಅವನ ಕೈಯಲ್ಲಿ ಕಳಿಸೋದು ಅಂತ. ನನ್ನ ಕೈಯಲ್ಲಿ ಪೆನ್ನಿತ್ತು, ಕ್ಯಾಪೂ ಹಾಕಿರಲಿಲ್ಲ. ವಕೀಲರ ಮುಖ ಕಣ್ಣ ಮುಂದೆ ಬಂತು, ಸ್ಕೂಲಿನ ನೌಕರಿ ಕಣ್ಣ ಮುಂದೆ ಬಂತು. ನಾಳೆ ಬಾ ಕಣೆ, ಯೋಚನೆ ಮಾಡಿ ನೀಟಾಗಿ ಬರೆದಿಟ್ಟಿರ್ತೀನಿ ಅಂದೆ. ಅವಳಿಗೆ ಎಷ್ಟು ಖುಷಿಯಾಯಿತು ಅಂದರೆ, ಲೋಟ ತಾನೇ ತೊಳೆದು ಕವುಚಿಟ್ಟು ಹೋದಳು.

ಆ ಭಾನುವಾರ ಪಂದ್ಯವಿರಲಿಲ್ಲ. ಬೆಳಿಗ್ಗೆ ಏಳರ ಬಸ್ಸಿಗೆ ನಾನು ಹಾಸನಕ್ಕೆ ಹೊರಟುಬಿಟ್ಟೆ. ಬ್ಲೌಸ್ ಪೀಸ್ ತರಬೇಕು ಅಂತ ಅತ್ತೆಗೆ ಹೇಳಿದೆ. ಬ್ಲೌಸ್ ಪೀಸನ್ನು ತಂದೂ ತಂದೆ, ನೀಲಿ ಬಣ್ಣದ್ದು, ಅದನ್ನು ಇವತ್ತಿಗೂ ಹೊಲಿಸಿಲ್ಲ. ಹಾಸನದಲ್ಲಿ ಹನ್ನೊಂದು ಗಂಟೆಗೆಲ್ಲ ಮಾಡೋಕೆ ಏನೂ ಕೆಲಸವಿರಲಿಲ್ಲ. ಅಂಗಡಿಯಿಂದ ಅಂಗಡಿಗೆ ಸುತ್ತಿದೆ. ಒಂದೂವರೆಗೆ ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ವಾಪಸ್ ಬಂದಿಳಿದೆ. ಮನೆ ಕಡೆ ಹೋಗಲಿಲ್ಲ. ಅವಳು ಹನ್ನೆರಡರ ಬಸ್ಸಿಗೆ ಹೋಗಿಬಿಟ್ಟಿದ್ದರೆ ಸರಿ, ಇನ್ನೂ ಜಗಲಿ ಮೇಲೆ ಕೂತಿದ್ದರೆ? ಮೂರೂವರೆಗೆ ಅರಕಲಗೂಡಿಗೆ ಇನ್ನೊಂದು ಬಸ್ಸಿದೆ, ಅದೊಂದು ಹೋಗಲಿ ಅಂತ ಮೂಲೆಯ ಕಲ್ಲುಬೆಂಚಿನ ಮೇಲೆ ಕೂತೆ. ಹಸಿವಾಗಿತ್ತು. ಕಡಲೇಕಾಯಿ ಕೊಂಡೆ, ಅದು ಮುಗಿದ ಮೇಲೆ ಇನ್ನೊಂದು ಪೊಟ್ಟಣ ಕೊಂಡೆ. ಬಸ್ಸಿಗೆ ಹೋಗೋಳು ಬಸ್‌ಸ್ಟ್ಯಾಂಡಿಗೇ ಬರಬೇಕಲ್ಲವಾ ಅನ್ನೋ ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ತಪ್ಪಿಸಿಕೊಳ್ಳೋಕೆ ಹೊರಟವರಿಗೆ ಬುದ್ಧಿ ಇರೋದಿಲ್ಲ ನೋಡಿ.

ಮೂರೂಕಾಲಿಗೆ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಆ ಕಾಗದ ಕಾಣುತ್ತಿತ್ತು. ಮುಖ ಬಾಡಿತ್ತು. ಅರಕಲಗೂಡಿನ ಬಸ್ಸು ಆಗಲೇ ಬಂದು ನಿಂತಿತ್ತು, ಅದರ ಕಡೆ ನಡೆದವಳು ನನ್ನನ್ನು ನೋಡಿ ನಿಂತಳು. ಆಮೇಲೆ ಹತ್ತಿರ ಬಂದಳು. ನನ್ನ ಕಾಲ ಹತ್ತಿರ, ಬೆಂಚಿನ ಮೇಲೆ, ಸೀರೆಯ ನೆರಿಗೆಯೊಳಗೆ ಎಲ್ಲ ಕಡೆ ಕಡಲೇಕಾಯಿ ಸಿಪ್ಪೆ. ಎರಡು ಗಂಟೆಯಷ್ಟು ಹೊತ್ತಿನ ಸಿಪ್ಪೆ. ಅವಳು ಅದನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಈಗ್ ಬಂದ್ರಾ ಮಿಸ್?” ಅಂದಳು.

ಆ ದನಿಯಲ್ಲಿ ಕುಹಕ ಇದ್ದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಕುಹಕ ಇರಲಿಲ್ಲ. ದೊಡ್ಡವರಿಗೆ ಅವಮಾನ ಆಗಬಾರದು ಅಂತ, ಹೇಳಬೇಕಾದ ಸುಳ್ಳನ್ನು ತಾನೇ ಎತ್ತಿ ನನ್ನ ಕೈಗೆ ಕೊಟ್ಟಿದ್ದಳು. ಇಷ್ಟು ವರ್ಷವಾದರೂ ಮಲಗೋ ಮುಂಚೆ ಕಿವಿಯೊಳಗೆ ಬರೋದು ನಂಜಣ್ಣನ ಮಾತಲ್ಲ, ಈ ಮೂರು ಪದ. ಇನ್ನೂ ಹೊತ್ತಿತ್ತು. ಕಾಗದ ಅವಳ ಕೈಯಲ್ಲಿತ್ತು, ಪೆನ್ನು ನನ್ನ ಬ್ಯಾಗಿನಲ್ಲಿತ್ತು, ಬೇಕಾಗಿದ್ದದ್ದು ಒಂದು ಸಾಲು.

“ಹೂಂ ಕಣೆ, ಈಗ ತಾನೇ ಇಳಿದೆ” ಅಂದೆ.

ಅವಳು ಕವರನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. “ಸರಿ ಮಿಸ್, ಓಗ್ಬುಟ್ ಬತ್ತೀನಿ” ಅಂತ ಹೇಳಿ ಬಸ್ಸು ಹತ್ತಿದಳು. ಕಂಡಕ್ಟರು ಸೀಟಿ ಊದುವ ತನಕ ಐದು ನಿಮಿಷವಾದರೂ ಇತ್ತು. ನಾನು ಆ ಐದು ನಿಮಿಷವೂ ಅಲ್ಲೇ ಕೂತಿದ್ದೆ, ಎದ್ದು ಹೋಗಲಿಲ್ಲ.